ಹದಿನಾಲ್ಕನೇ ನಿಮಿಷ

ಪರದೆಯಲ್ಲಿ ಹಸಿರು ಗೆರೆ ಏಳುತ್ತಿದೆ, ಬೀಳುತ್ತಿದೆ,
ಅಂದರೆ ಆಕೆ ಮಾತಾಡುತ್ತಿದ್ದಾಳೆ.
ನನ್ನ ಕಿವಿಯಲ್ಲಿ ಮಾತ್ರ
ಸ್ಪಂಜಿನ ಬಿಸಿ,
ನನ್ನದೇ ನಾಡಿ.

ದುರ್ಗಿಗುಡಿಯ ಈ ಮಹಡಿ ಕೋಣೆಗೆ
ಪುಟಕ್ಕೆ ಹದಿನೆಂಟು ರೂಪಾಯಿಯ ಲೆಕ್ಕದಲ್ಲಿ
ಜನರ ಮಾತು ಬರುತ್ತದೆ.
ಸೊಸೈಟಿಯ ಮಹಾಸಭೆ, ಕೆಮ್ಮಿನ ಸಮೇತ ವಕೀಲರ ನೋಟೀಸು,
ಈಗ ಹಾಲಸ್ವಾಮಿಯ ಪಿಎಚ್.ಡಿ.
ಸೊರಬದ ಕಡೆಯ ಸೂಲಗಿತ್ತಿ, ಹೆಸರು ಕೆರಿಯಮ್ಮ,
ನಲವತ್ತೊಂದು ನಿಮಿಷ.
"ಶುಕ್ರವಾರ ಗೈಡಿಗೆ ತೋರಿಸಬೇಕು ಮೇಡಂ,
ಒಂದಕ್ಷರ ತಿದ್ದಬೇಡಿ, ಹೇಳಿದ್ದು ಹೇಳಿದ ಹಾಗೇ ಇರಲಿ."

ಕೇಳಿದರೆ ತಾನೆ, ಹಾಲಸ್ವಾಮಿ.

ಒಮ್ಮೆ ಆರಿಸಿ, ಹತ್ತು ಎಣಿಸಿ, ಹೊತ್ತಿಸಿದೆ.
ಡ್ರೈವರ್ ಹಳೆಯದಾಗಿದೆ ಎಂದಿತು;
ಹಳಬನನ್ನಿಳಿಸಿ ಹೊಸಬನನ್ನು ಕೂರಿಸಿದೆ.
ಬಸ್ಸು ಹೊರಡಲಿಲ್ಲ.
ಓಡಲಿ ಎಂದು ಕೆರಿಯಮ್ಮನನ್ನು ಓಡಲು ಬಿಟ್ಟು
ಪಿನ್ನು ಕಿತ್ತೆ, ಊದಿದೆ, ಸೆರಗಲ್ಲಿ ಒರೆಸಿ
ಟಕ್ ಎನ್ನುವವರೆಗೆ ಒತ್ತಿದೆ.
ಮೊಬೈಲಿಗೆ ಚುಚ್ಚಿದರೆ ಹೆಡ್‌ಫೋನು ಚೆನ್ನಾಗಿಯೇ ಹಾಡುತ್ತದೆ!
ವಾಲ್ಯೂಮು ನೂರು. ಮ್ಯೂಟಿನ ಕೊಕ್ಕೆ ಎಲ್ಲೂ ಇಲ್ಲ.
ಎಡಗಿವಿಯದ್ದನ್ನು ಬಲಕ್ಕೆ ಹಾಕಿಯೂ ನೋಡಿದೆ,
ಯಾಕೆಂದು ಕೇಳಬೇಡಿ,
ಆ ಹೊತ್ತಿಗೆ ಬುದ್ಧಿ ಬೆರಳಿನ ತುದಿಗೆ ಬಂದಿರುತ್ತದೆ.

ಹದಿನಾಲ್ಕು ನಿಮಿಷ ಏಳು ಸೆಕೆಂಡಿಗೆ ಕೈಚೆಲ್ಲಿ ನಿಲ್ಲಿಸಿದೆ.
ಕೆಳಗೆ ಹೊಲಿಗೆ ಮಿಷನ್ನೂ ನಿಂತಿತು.

ಆರು ವರ್ಷದಲ್ಲಿ ಅದು ಹಗಲಲ್ಲಿ ನಿಂತದ್ದು ಕರೆಂಟು ಹೋದಾಗ ಮಾತ್ರ.
ಮೆಟ್ಟಿಲು ದಡದಡ ಎಂದವು.
ಬಾಗಿಲಲ್ಲಿ ಜುಲೇಖಾ, ಕೊರಳಲ್ಲಿ ಅಳತೆ ಟೇಪು,
ತುಟಿಯಲ್ಲಿ ಎರಡು ಗುಂಡುಸೂಜಿ:
"ಆಮೇಲೆ? ಕೂಸು ಅತ್ತಿತಾ?"

ಯಾವ ಕೂಸು?

"ಅಯ್ಯೋ, ನೀವೇ ಹಾಕಿದ್ದಲ್ವಾ!
ಲಾಟೀನಲ್ಲಿ ಸೀಮೆಎಣ್ಣೆ ಮುಗೀತು, ಕೂಸು ಹುಟ್ತು, ಉಸಿರೇ ಇಲ್ಲ.
ಅಜ್ಜಿ ಬಾಯಿಗೆ ಬೆರಳು ಹಾಕಿ ಲೋಳೆ ತೆಗೆದ್ಲು,
ಬೆನ್ನು ತಿಕ್ಕಿದ್ಲು, ಅಂಗಾಲಿಗೆ ಹೊಡೆದ್ಲು, ಆಮೇಲೆ ಗಪ್‌ಚುಪ್.
ಇಲ್ನೋಡಿ, ನಾನು ತೋಳು ತಿರುವುಮುರುವು ಹೊಲಿದುಬಿಟ್ಟೆ.
ಕೆಳಗೆ ಪೋಸ್ಟಾಫೀಸಿನ ಮೇಡಂ ಅಳತೆ ಕೊಡ್ತಾ ಕೈ ಎತ್ತಿದವರು
ಇನ್ನೂ ಇಳಿಸಿಲ್ಲ."

ಪರದೆಯ ಮೂಲೆಯ ಪುಟ್ಟ ಬಾಣ ಒತ್ತಿದೆ.
ಔಟ್‌ಪುಟ್: ಜುಲೇಖಾಳ ಬ್ಲೂಟೂತ್ ಡಬ್ಬಿ.
ಹೋದ ಗುರುವಾರ ಅವಳ ಮಗಳು ಆಫ್ರೀನಳ ಪಾಠಕ್ಕೆಂದು
ನಾನೇ ಕಟ್ಟಿದ ಗಂಟು, ಬಿಚ್ಚಲು ಮರೆತದ್ದು.
ಶಬ್ದ ಸತ್ತಿರಲಿಲ್ಲ.
ನನ್ನ ಕಿವಿಯ ಬಾಗಿಲು ತಟ್ಟುವುದು ಬಿಟ್ಟು
ಮೆಟ್ಟಿಲಿಳಿದು ಹೋಗಿ
ಗುಂಡಿ, ಕತ್ತರಿ, ಬಣ್ಣದ ರೀಲುಗಳ ನಡುವೆ ಕೂತು
ಹೆರಿಗೆ ಮಾಡಿಸುತ್ತಿತ್ತು.

ಹೆಡ್‌ಫೋನು ಎಂಬ ಹೆಸರಿನ ಮೇಲೆ ಒಂದು ಕ್ಲಿಕ್ಕು, ಅಷ್ಟೆ.
ಕೆರಿಯಮ್ಮ ನನ್ನೊಬ್ಬಳ ಕಿವಿಗೆ ಬರುತ್ತಾಳೆ.
ಜುಲೇಖಾ ಸೂಜಿಗಳನ್ನು ತುಟಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

ಲ್ಯಾಪ್‌ಟಾಪು ಎತ್ತಿಕೊಂಡು ಕೆಳಗಿಳಿದೆ.

ಕತ್ತರಿಸುವ ಮೇಜಿನ ಮೇಲೆ, ಚೂರುಬಟ್ಟೆ ಸರಿಸಿ ಇಟ್ಟು, ಒತ್ತಿದೆ.
ಗೆರೆ ಮಲಗಿಯೇ ಇತ್ತು, ತುಂಬ ಹೊತ್ತು.
ಈ ಸಲ ಯಾರೂ ವೈರು ಅಲ್ಲಾಡಿಸಲಿಲ್ಲ.
ಆಮೇಲೆ ಡಬ್ಬಿಯೊಳಗಿಂದ, ಎಲೆಅಡಿಕೆ ಪಕ್ಕಕ್ಕೆ ಸರಿಸಿದ ದನಿ:

"ಅದ್ಕೂ ಒಂದ್ ಗಳಿಗೆ ಬೇಕು ಮಗಾ,
ಎಲ್ಲಿಗ್ ಬಂದೆ ಅಂತ ತಿಳೀಬೇಕಲ್ಲ.
ಅತ್ತಿತಾ ಅಂತ ನನ್ನೇನ್ ಕೇಳ್ತಿ,
ಈಗ ನಿಂಗೆ ಚಾ ತಂದ್ಕೊಟ್ಳಲ್ಲ,
ಅವಳನ್ನೇ ಕೇಳು."

ಲೋಟ ತಟ್ಟೆಗೆ ತಾಗಿದ ಸದ್ದು. ದೂರದಲ್ಲಿ ಹೆಂಗಸೊಬ್ಬಳ ನಗು,
ಗೆರೆ ಕಿಟಕಿ ಮೀರಿ ಎದ್ದಿತು.
ಪೋಸ್ಟಾಫೀಸಿನ ಮೇಡಂ ಕೈ ಇಳಿಸಿದರು.

ಹಾಲಸ್ವಾಮಿ, ಒಂದಕ್ಷರ ತಿದ್ದಿಲ್ಲ.
ಆ ಮೌನಕ್ಕೆ ಎಷ್ಟು ಚುಕ್ಕಿ ಇಡಬೇಕೋ ಗೊತ್ತಾಗದೆ
ಒಂದಿಡೀ ಸಾಲು ಖಾಲಿ ಬಿಟ್ಟಿದ್ದೇನೆ,
ಅದಕ್ಕೆ ದುಡ್ಡು ಬೇಡ.
ತೋಳು ಬಿಚ್ಚಿ ಮತ್ತೆ ಹೊಲಿದದ್ದಕ್ಕೆ
ಜುಲೇಖಾ ಏನನ್ನುತ್ತಾಳೋ
ಅವಳನ್ನೇ ಕೇಳು.